ಹಿಂದಿನ ಸಾಲಿನ ನಗು

1959ರ ಏಪ್ರಿಲ್‌ನಲ್ಲಿ ಅಮೆರಿಕದ ಟೆನ್ನೆಸಿ ರಾಜ್ಯದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಲೇಖಕಿ ಫ್ಲ್ಯಾನರಿ ಓಕಾನರ್ ತಮ್ಮ ಕಥೆಯೊಂದನ್ನು ಓದಿದರು. ಆ ಓದಿನ ಧ್ವನಿಮುದ್ರಣ ಉಳಿದುಕೊಂಡಿದೆ, ಹುಡುಕಿದರೆ ಯಾರಿಗೂ ಸಿಗುತ್ತದೆ. ರಾತ್ರಿ ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲೆ ನಾನು ಅದನ್ನು ಆಗಾಗ ಹಾಕಿಕೊಂಡು ಕೇಳುತ್ತೇನೆ. ಕಥೆ ಹೆಚ್ಚುಕಡಿಮೆ ಬಾಯಿಗೆ ಬಂದುಬಿಟ್ಟಿದೆ. ಹಾಗಾಗಿ ಈಗ ನಾನು ಕಿವಿಗೊಡುವುದು ಸಭೆಯಲ್ಲಿ ಕೂತವರಿಗೆ. ಅರವತ್ತು ವರ್ಷಕ್ಕೂ ಹಿಂದೆ, ನಾನು ಕಾಣದ ಊರೊಂದರಲ್ಲಿ, ಹೆಸರಿಲ್ಲದ ಅಷ್ಟು ಜನ ಒಟ್ಟಿಗೆ ಕೂತು ನಗುವುದನ್ನು ಕೇಳುತ್ತೇನೆ.

ಓಕಾನರ್ ಎರಡು ಕಾದಂಬರಿ ಬರೆದವರು. ಆದರೆ ಜನ ಅವರನ್ನು ನೆನೆಯುವುದು ಹೆಚ್ಚಾಗಿ ಕಥೆಗಳಿಂದ, ಅದರಲ್ಲೂ 1953ರಲ್ಲಿ ಪ್ರಕಟವಾದ ‘ಎ ಗುಡ್ ಮ್ಯಾನ್ ಈಸ್ ಹಾರ್ಡ್ ಟು ಫೈಂಡ್’ನಿಂದ. ಆ ದಿನ ಓದಿದ್ದೂ ಅದನ್ನೇ. ಅಟ್ಲಾಂಟಾದ ಒಂದು ಸಂಸಾರ ರಜೆಗೆಂದು ಕಾರಿನಲ್ಲಿ ಫ್ಲಾರಿಡಾಕ್ಕೆ ಹೊರಡುತ್ತದೆ. ಮಗ, ಸೊಸೆ, ಮೂವರು ಮಕ್ಕಳು, ಜೊತೆಗೆ ಅಜ್ಜಿ. ಅಜ್ಜಿಗೆ ಫ್ಲಾರಿಡಾ ಬೇಡ, ಟೆನ್ನೆಸಿಯಲ್ಲಿರುವ ತನ್ನ ಕಡೆಯವರನ್ನು ನೋಡಬೇಕು. ಜೈಲಿನಿಂದ ತಪ್ಪಿಸಿಕೊಂಡ ಕೊಲೆಗಾರನೊಬ್ಬ ಫ್ಲಾರಿಡಾದ ದಾರಿ ಹಿಡಿದಿದ್ದಾನೆಂದು ಪೇಪರಿನಲ್ಲಿ ಬಂದದ್ದನ್ನು ಮಗನ ಮೂಗಿನ ಮುಂದೆ ಆಡಿಸಿ ಹೆದರಿಸುತ್ತಾಳೆ. ಯಾರೂ ಕೇಳುವುದಿಲ್ಲ. ಮಾರನೆ ಬೆಳಿಗ್ಗೆ ನೋಡಿದರೆ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತವಳು ಅವಳೇ. ಮಗ ಬೇಡವೆಂದಿದ್ದ ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚಿ ತಂದಿದ್ದಾಳೆ. ತಲೆಗೆ ಬಿಳಿ ಹೂವಿನ ಗೊಂಚಲು ಸಿಕ್ಕಿಸಿದ ನೀಲಿ ಹುಲ್ಲಿನ ಟೋಪಿ. ದಾರಿಯಲ್ಲಿ ಅಪಘಾತವಾಗಿ ತಾನು ರಸ್ತೆಯ ಮೇಲೆ ಸತ್ತು ಬಿದ್ದರೆ, ನೋಡಿದವರಿಗೆ ಇವಳು ಮರ್ಯಾದಸ್ಥ ಮನೆತನದ ಹೆಂಗಸು ಎಂದು ತಕ್ಷಣ ಗೊತ್ತಾಗಬೇಕು, ಅದಕ್ಕೆ ಆ ಅಲಂಕಾರ.

ಕಥೆಯ ಈ ಮೊದಲ ಭಾಗದುದ್ದಕ್ಕೂ ಸಭೆ ನಗುತ್ತದೆ. ತಡೆದುಕೊಂಡ ನಗುವಲ್ಲ, ಮನೆಯ ಜಗಲಿಯಲ್ಲಿ ಕೂತವರ ಧಾರಾಳವಾದ ನಗು. ಓಕಾನರ್ ಅವರ ದನಿಯಲ್ಲಿ ಮಾತ್ರ ಏರಿಳಿತವಿಲ್ಲ. ಜಾರ್ಜಿಯಾದ ಹಳ್ಳಿಗಾಡಿನ ಎಳೆದೆಳೆದು ಆಡುವ ಉಚ್ಚಾರದಲ್ಲಿ, ಅಂಗಡಿ ಲೆಕ್ಕ ಒಪ್ಪಿಸುವವರ ಹಾಗೆ ಓದಿಕೊಂಡು ಹೋಗುತ್ತಾರೆ. ಅಜ್ಜಿ ದಾರಿ ತಪ್ಪಿಸುತ್ತಾಳೆ, ಬೆಕ್ಕು ಬುಟ್ಟಿಯಿಂದ ಮಗನ ಹೆಗಲಿಗೆ ನೆಗೆಯುತ್ತದೆ, ಕಾರು ಹಳ್ಳಕ್ಕೆ ಉರುಳುತ್ತದೆ. ಅಪಘಾತವಾಯಿತೆಂದು ಮಕ್ಕಳಿಗೆ ಹಿಗ್ಗು, ಯಾರೂ ಸಾಯಲಿಲ್ಲವಲ್ಲ ಎಂದು ಮೊಮ್ಮಗಳಿಗೆ ಬೇಸರ. ಆಮೇಲೆ ಹೆಣದ ಗಾಡಿಯಂಥ ಕಪ್ಪು ಕಾರೊಂದು ದಿಬ್ಬದ ಮೇಲಿಂದ ನಿಧಾನವಾಗಿ ಇಳಿದು ಬರುತ್ತದೆ. ಅದರಲ್ಲಿ ಪೇಪರಿನಲ್ಲಿದ್ದ ಕೊಲೆಗಾರನೇ ಇದ್ದಾನೆ. ಅವನ ಕಡೆಯವರು ಮೊದಲು ಮಗನನ್ನೂ ಮೊಮ್ಮಗನನ್ನೂ ಕಾಡಿನೊಳಕ್ಕೆ ಕರೆದೊಯ್ಯುತ್ತಾರೆ. ಗುಂಡಿನ ಸದ್ದು. ಆಮೇಲೆ ಸೊಸೆ, ಮೊಮ್ಮಗಳು, ಕೂಸು. ಮಗನನ್ನು ಕರೆದೊಯ್ಯುವಾಗಲೇ ಅಜ್ಜಿಯ ಟೋಪಿಯ ಅಂಚು ಕಿತ್ತು ಕೈಗೇ ಬಂದಿತ್ತು, ಅವಳು ಅದನ್ನು ನೆಲಕ್ಕೆ ಬಿಟ್ಟಿದ್ದಳು. ಅಷ್ಟು ಹೊತ್ತಿಗೆ ಸಭೆಯ ನಗು ತೆಳ್ಳಗಾಗಿದೆ.

ಲೇಖಕಿ ಕೇಳುಗರನ್ನು ನಗಿಸಿ ಬೋನಿಗೆ ಕೆಡವಿದರು, ನಕ್ಕದ್ದಕ್ಕೆ ನಾಚಿಕೆಪಡಿಸಿದರು ಎಂದು ಈ ಕಥೆಯ ಬಗ್ಗೆ ಕೆಲವರು ಹೇಳುತ್ತಾರೆ. ನನಗೆ ಹಾಗೆ ಕೇಳಿಸುವುದಿಲ್ಲ. ಆ ಸಭೆಯಲ್ಲಿ ದಕ್ಷಿಣ ರಾಜ್ಯಗಳ ಜನ ತುಂಬಿದ್ದರು. ಅಂಥ ಟೋಪಿಯ ಅಜ್ಜಿ, ಅಂಥ ಅತ್ತೆ ಅವರ ಮನೆಗಳಲ್ಲಿ ಇದ್ದವರೇ. ಮರ್ಯಾದೆ ಸಾವಿನಾಚೆಗೂ ಬರಬೇಕೆನ್ನುವ ಹಟವನ್ನು ಅವರು ಮನೆಯಲ್ಲಿ ಕಂಡಿದ್ದರು. ಗೊತ್ತಿದ್ದುದರಿಂದ ನಕ್ಕರು. ಆ ನಗುವಿನಿಂದಲೇ ಅಜ್ಜಿ ಅವರಿಗೆ ಹತ್ತಿರದವಳಾದಳು, ಅದಕ್ಕೇ ಕೊನೆಯ ಮೂರು ಗುಂಡು ತಟ್ಟುತ್ತವೆ. ಮೊದಲಿನಿಂದಲೂ ಗಂಭೀರವಾಗಿ ಕೂತವನಿಗೆ ಸಾಯುವವಳು ಯಾರೋ ಒಬ್ಬ ಮುದುಕಿ, ಅಷ್ಟೆ.

ಓದುತ್ತಿದ್ದವರಿಗೂ ಸಾವು ಪರಕೀಯವಾಗಿರಲಿಲ್ಲ. ಲೂಪಸ್ ಎಂಬ ಕಾಯಿಲೆ ಓಕಾನರ್ ಅವರ ತಂದೆಯನ್ನು ತೆಗೆದುಕೊಂಡಾಗ ಅವರಿಗೆ ಹದಿನೈದು ವರ್ಷ. ಇಪ್ಪತ್ತೈದರ ಸುಮಾರಿಗೆ ಅದೇ ಕಾಯಿಲೆ ಅವರಿಗೂ ಬಂತು. ವ್ಯಾಂಡರ್‌ಬಿಲ್ಟ್‌ನಲ್ಲಿ ಓದುವ ಹೊತ್ತಿಗೆ ಊರುಗೋಲಿಲ್ಲದೆ ಓಡಾಡಲಾಗುತ್ತಿರಲಿಲ್ಲ. 1964ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ತಾನು ಬರೆದ ಕಥೆಗಳನ್ನು ತಾನೇ ಮತ್ತೆ ಮತ್ತೆ ಓದಿಕೊಂಡು ನಗುತ್ತೇನೆ, ಬರೆದವಳು ನಾನೇ ಎಂದು ನೆನಪಾದಾಗ ಮುಜುಗರವಾಗುತ್ತದೆ ಎಂದು ಅವರು ಸ್ನೇಹಿತರಿಗೆ ಬರೆದ ಕಾಗದವೊಂದಿದೆ. ಆ ಕಾಗದ ಓದಿದಾಗಿನಿಂದ ಅವರ ಮೇಲಿನ ನನ್ನ ಪ್ರೀತಿ ಇಮ್ಮಡಿಯಾಗಿದೆ.

ನಮ್ಮಲ್ಲಿ ಕವಿಗೋಷ್ಠಿಗಳಿವೆ, ವಿಚಾರ ಸಂಕಿರಣಗಳಿವೆ, ಪುಸ್ತಕ ಬಿಡುಗಡೆಗಳಂತೂ ವಾರಕ್ಕೆ ನಾಲ್ಕು. ಕಾದಂಬರಿಕಾರ ಸುಮ್ಮನೆ ನಿಂತು ತನ್ನ ಕಾದಂಬರಿಯನ್ನು ಅರ್ಧ ಗಂಟೆ ಓದುವುದು ಮಾತ್ರ ಅಪರೂಪ. ಬಿಡುಗಡೆ ಸಮಾರಂಭದಲ್ಲಿ ಪುಸ್ತಕದ ಬಗ್ಗೆ ಮೂವರು ಮಾತಾಡುತ್ತಾರೆ, ಪುಸ್ತಕ ಮಾತಾಡುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಏಕೆಂದರೆ ಒಬ್ಬರು ಓದಿ ಊರೆಲ್ಲ ಕೇಳುವ ಅಭ್ಯಾಸ ನಮಗೆ ಹೊಸದೇನಲ್ಲ. ಗಮಕಿಗಳು ಕುಮಾರವ್ಯಾಸನನ್ನು ಓದುವಾಗ ದೇವಸ್ಥಾನದ ಅಂಗಳದಲ್ಲಿ ಕೂತ ಜನ ಸಾವು ನೋವಿನ ನಡುವೆಯೇ ನಗುತ್ತಾ ಬಂದಿದ್ದಾರೆ. ಕೀಚಕವಧೆಯ ಪ್ರಸಂಗ ನೋಡಿ. ನಾಟ್ಯಶಾಲೆಯ ಕತ್ತಲಲ್ಲಿ ಹೆಣ್ಣುಡುಗೆಯಲ್ಲಿ ಕಾದಿರುವ ಭೀಮ, ದ್ರೌಪದಿಯೆಂದು ನಂಬಿ ಸಿಂಗರಿಸಿಕೊಂಡು ಬರುವ ಕೀಚಕ. ಮೈ ಮುಟ್ಟಿ ಅವನು ಬೆಚ್ಚುವಾಗ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ನಗುತ್ತಾರೆ. ಮುಂದಿನ ಗಳಿಗೆಯಲ್ಲಿ ಅವನು ಮಾಂಸದ ಮುದ್ದೆಯಾಗುತ್ತಾನೆ. ಆ ನಗು ತಪ್ಪೆಂದು ಯಾವ ವ್ಯಾಖ್ಯಾನಕಾರರೂ ಸಭೆಯನ್ನು ಗದರಿದ್ದನ್ನು ನಾನು ಕೇಳಿಲ್ಲ. ಹಗಲು ತುಂಬಿದ ರಾಜಸಭೆಯಲ್ಲಿ ದ್ರೌಪದಿ ಪಟ್ಟ ಅವಮಾನವನ್ನು ಕೇಳಿ ಕುದಿದವರೇ ಇರುಳಿನಲ್ಲಿ ನಕ್ಕವರು.

ಕೆಲವು ವರ್ಷಗಳ ಹಿಂದೆ ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಊರಿನ ಕಾಲೇಜಿನಲ್ಲಿ ಅಂಥ ಅಪರೂಪದ ಓದೊಂದನ್ನು ಕೇಳುವ ಅವಕಾಶ ಸಿಕ್ಕಿತು. ಕಾದಂಬರಿಕಾರರು ಮಧ್ಯವಯಸ್ಕರು, ಮಾತು ಕಡಿಮೆ. ಮುಂದಿನ ಎರಡು ಸಾಲಿನಲ್ಲಿ ಊರಿನ ಗಣ್ಯರು, ನಿವೃತ್ತ ಅಧ್ಯಾಪಕರು. ನಡುವೆ ಹಾಜರಾತಿಗೆಂದು ಬಂದ ವಿದ್ಯಾರ್ಥಿಗಳು. ಗೋಡೆಗೊರಗಿಸಿದ ಕೊನೆಯ ಸಾಲಿನ ಕುರ್ಚಿಗಳಲ್ಲಿ ಕಾಲೇಜಿನ ಅಟೆಂಡರುಗಳು, ಮೈಕ್ ಸೆಟ್ಟಿನವರು, ಕುರ್ಚಿ ತಂದಿಳಿಸಿದ ಟೆಂಪೊದ ಡ್ರೈವರ್. ನಾನು ತಡವಾಗಿ ಹೋದದ್ದರಿಂದ ಜಾಗ ಸಿಕ್ಕಿದ್ದು ಅವರ ಪಕ್ಕದಲ್ಲಿ.

ಕಾದಂಬರಿಕಾರರು ಓದಿದ್ದು ಒಂದು ಪ್ರಯಾಣದ ಭಾಗ. ಬೆಂಗಳೂರಿನ ಆಸ್ಪತ್ರೆಯಲ್ಲಿ ಅಪ್ಪ ತೀರಿಕೊಂಡಿದ್ದಾನೆ. ನಾಲ್ವರು ಗಂಡುಮಕ್ಕಳು ಬಾಡಿಗೆ ವ್ಯಾನಿನಲ್ಲಿ ಹೆಣವನ್ನು ಊರಿಗೆ ಸಾಗಿಸುತ್ತಿದ್ದಾರೆ. ಬಾಡಿಗೆಯ ಚೌಕಾಸಿ ಆಸ್ಪತ್ರೆಯ ಗೇಟಿನಲ್ಲೇ ಮುಗಿದಿಲ್ಲ, ದಾರಿಯುದ್ದಕ್ಕೂ ನಡೆಯುತ್ತಿದೆ. ಬರುವಾಗ ಖಾಲಿ ಬರಬೇಕು ಅಂತ ಡ್ರೈವರನ ವಾದ. ಹೋಗುವಾಗಲೂ ಒಬ್ಬರು ಕಮ್ಮಿ ತಾನೇ ಅಂತ ದೊಡ್ಡವನ ವಾದ. ರಾಮನಗರ ದಾಟಿದ ಮೇಲೆ ಒಂದು ಹೋಟೆಲಿನ ಮುಂದೆ ನಿಲ್ಲಿಸುತ್ತಾರೆ. ಕಿರಿಯವನು ಇಳಿದು ಹೋಗಿ ಟೀ ಹೇಳುತ್ತಾನೆ, ಆರು ಟೀ, ಒಂದಕ್ಕೆ ಸಕ್ಕರೆ ಬೇಡ. ಆರು ಲೋಟ ಬರುತ್ತದೆ. ಡ್ರೈವರ್ ಸೇರಿ ಇರುವವರು ಐವರು. ಸಕ್ಕರೆಯಿಲ್ಲದ ಲೋಟ ವ್ಯಾನಿನ ಬಾನೆಟ್ಟಿನ ಮೇಲೆ ನಿಲ್ಲುತ್ತದೆ. ಯಾರೂ ಕುಡಿಯುವುದಿಲ್ಲ, ಯಾರೂ ಎತ್ತಿಡುವುದೂ ಇಲ್ಲ. ಕೊನೆಗೆ ದೊಡ್ಡವನು, “ದುಡ್ಡು ಕೊಟ್ಟಾಗಿದೆ, ಯಾರಾದ್ರೂ ಕುಡಿರೋ,” ಅನ್ನುತ್ತಾನೆ. “ಸಪ್ಪೆ ಟೀ ಯಾರು ಕುಡೀತಾರಣ್ಣ” ಅಂತ ಎರಡನೆಯವನು.

ನನ್ನ ಪಕ್ಕದ ಟೆಂಪೊ ಡ್ರೈವರ್ ನಕ್ಕ. ಹೊಟ್ಟೆಯಿಂದ ಬಂದ ನಗು, ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಕ್ಕ. ಅಟೆಂಡರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು, ಭುಜ ಕುಲುಕುತ್ತಿತ್ತು. ನಡುವಿನ ಹುಡುಗರು ಹಿಂತಿರುಗಿ ನೋಡಿದರು. ನಗಬಹುದೆಂದು ಗೊತ್ತಾದ ಮೇಲೆ ಅವರಲ್ಲಿಯೂ ಕೆಲವರು ನಕ್ಕರು. ಮುಂದಿನ ಸಾಲಿನ ತಲೆಗಳು ಅಲ್ಲಾಡಲಿಲ್ಲ. ಓದುತ್ತಿದ್ದವರು ಯಾರಿಗೂ ಕಾಯದೆ, ಯಾರ ಮುಖವನ್ನೂ ನೋಡದೆ ಪುಟ ತಿರುಗಿಸಿದರು.

ಸಂವಾದದ ಹೊತ್ತಿಗೆ ಮೊದಲ ಸಾಲಿನ ಹಿರಿಯರೊಬ್ಬರು ಎದ್ದರು. ತುಂಬ ಸಭ್ಯವಾಗಿಯೇ ಕೇಳಿದರು, “ಹೆತ್ತ ತಂದೆಯ ಶವ ಪಕ್ಕದಲ್ಲಿರುವಾಗ ಇಂಥ ಹಾಸ್ಯ ತರೋದು ಉಚಿತವೇ? ಸಾಹಿತ್ಯಕ್ಕೆ ಒಂದು ಜವಾಬ್ದಾರಿ ಬೇಡವೇ?” ಕಾದಂಬರಿಕಾರರು ಸ್ವಲ್ಪ ಹೊತ್ತು ಮೈಕಿನ ಮುಂದೆ ಸುಮ್ಮನೆ ನಿಂತರು. “ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇತ್ತು ಸಾರ್,” ಅಂದರು. ಅಷ್ಟೇ ಅವರ ಉತ್ತರ. ಕೇಳಿದವರು ಕೂತರು, ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಪ್ರಶ್ನೆಯಲ್ಲಿ ಕಪಟವಿರಲಿಲ್ಲ. ಸಾವಿನ ಮುಂದೆ ಹೇಗಿರಬೇಕು ಅನ್ನುವುದನ್ನು ಬಾಳೆಲ್ಲ ಮಕ್ಕಳಿಗೆ ಕಲಿಸಿದ ಮೇಷ್ಟರು ಅವರು.

ಹೊರಗೆ ಟೆಂಪೊಗೆ ಕುರ್ಚಿ ಏರಿಸುತ್ತಿದ್ದ ಆ ಡ್ರೈವರ್ ತಾನಾಗಿಯೇ ಮಾತಿಗೆ ಬಂದ. “ನಮ್ಮಪ್ಪನ್ನ ಬೆಂಗ್ಳೂರಿಂದ ತಂದಾಗ ನಾವು ಬಿಡದೀಲಿ ತಟ್ಟೆ ಇಡ್ಲಿ ತಿಂದ್ವಿ ಸಾರ್. ಹೊಟ್ಟೆ ಹಸೀತಿತ್ತು, ಏನ್ ಮಾಡದು. ಎರಡು ಸಲ ಚಟ್ನಿ ಹಾಕುಸ್ಕಂಡ್ ತಿಂದ್ವಿ. ಇವತ್ತಿನ ತನಕ ಯಾರ್ಗೂ ಹೇಳಿಲ್ಲ ನಾವು, ನಮ್ಮವ್ವನಿಗೂ ಹೇಳಿಲ್ಲ.” ಹೇಳಿ ಮತ್ತೆ ನಕ್ಕ. ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವನು ಮಾಡಲಿಲ್ಲ.

ಅಂದಿನಿಂದ ಇಂಥ ಓದು ಎಲ್ಲಿ ನಡೆದರೂ ಮೊದಲು ನಗುವವರು ಯಾರು ಎಂದು ನೋಡುವುದು ನನಗೆ ಅಭ್ಯಾಸವಾಗಿದೆ. ನೋಡಿದಷ್ಟೂ ನನ್ನ ನಂಬಿಕೆ ಗಟ್ಟಿಯಾಗುತ್ತಿದೆ. ಸಾವು, ಸಾಲ, ರೋಗ, ಹಸಿವುಗಳ ಬಗೆಗಿನ ಕರಾಳ ಹಾಸ್ಯಕ್ಕೆ ಮೊದಲು ನಗುವವರು ಅವನ್ನು ಹಾದು ಬಂದವರು. ಅವರು ಅಕ್ಕಪಕ್ಕ ನೋಡುವುದಿಲ್ಲ. ಅವುಗಳಿಂದ ದೂರ ಇದ್ದವರು ನಗಬಹುದೋ ಬಾರದೋ ಎಂದು ಒಂದು ಗಳಿಗೆ ತಡೆಯುತ್ತಾರೆ. ನಮ್ಮ ಹಾಸ್ಯ ಸಂಜೆಗಳಲ್ಲಿ ಈ ಅನುಮಾನಕ್ಕೆ ಎಡೆಯಿಲ್ಲ. ಮಾತುಗಾರರು ಸರಿಯಾದ ಜಾಗದಲ್ಲಿ ನಿಲ್ಲಿಸಿ ನಗುವಿಗೆ ದಾರಿ ಬಿಡುತ್ತಾರೆ, ಸಾವಿರ ಜನ ಒಂದೇ ಸಲ ನಗುತ್ತಾರೆ. ಅದೂ ಬೇಕಾದ ಸುಖವೇ. ಆದರೆ ಕಾದಂಬರಿಕಾರ ಓದುವಾಗ ಹಾಗೆ ಸನ್ನೆ ಕೊಟ್ಟರೆ ಕೆಟ್ಟಿತು. ದನಿ ಎತ್ತಿ, ಹುಬ್ಬು ಹಾರಿಸಿ ಓದಿದ ಕೂಡಲೇ ಆ ನಾಲ್ವರು ಅಣ್ಣತಮ್ಮಂದಿರು ಕೋಡಂಗಿಗಳಾಗಿಬಿಡುತ್ತಾರೆ.

ಪ್ರಾಗ್ ನಗರದ ಫ್ರಾಂಜ್ ಕಾಫ್ಕಾ ‘ದಿ ಟ್ರಯಲ್’ ಕಾದಂಬರಿಯ ಮೊದಲ ಅಧ್ಯಾಯವನ್ನು ಗೆಳೆಯರಿಗೆ ಓದಿ ಹೇಳಿದ್ದನ್ನು ಅವರಲ್ಲೊಬ್ಬರಾದ ಮ್ಯಾಕ್ಸ್ ಬ್ರಾಡ್ ದಾಖಲಿಸಿದ್ದಾರೆ. ಗೆಳೆಯರು ತಡೆಯಲಾರದೆ ನಕ್ಕರಂತೆ. ಓದುತ್ತಿದ್ದ ಕಾಫ್ಕಾಗೂ ನಗು ಉಕ್ಕಿ ಬಂದು ಮುಂದೆ ಓದಲಾಗದೆ ನಿಲ್ಲಿಸಬೇಕಾಯಿತಂತೆ. ಆ ಅಧ್ಯಾಯದ ಭಯಂಕರ ಗಾಂಭೀರ್ಯವನ್ನು ನೆನೆದರೆ ಇದು ಆಶ್ಚರ್ಯ ಎಂದು ಬ್ರಾಡ್ ಬರೆಯುತ್ತಾರೆ. ನನಗೆ ಆಶ್ಚರ್ಯವಿಲ್ಲ. ಮೂವತ್ತನೆಯ ಹುಟ್ಟುಹಬ್ಬದ ಬೆಳಿಗ್ಗೆ ಕಥಾನಾಯಕ ಜೋಸೆಫ್ ಕೆ.ಯನ್ನು ಬಂಧಿಸಲು ಬಂದವರು ಅವನ ತಿಂಡಿಯನ್ನು ತಾವೇ ತಿನ್ನುತ್ತಾರೆ. ಅವನ ಒಳ ಉಡುಪುಗಳನ್ನು ನಮ್ಮ ಹತ್ತಿರ ಕೊಟ್ಟರೇ ಕ್ಷೇಮ, ಉಗ್ರಾಣಕ್ಕೆ ಹೋದರೆ ಕಳೆದುಹೋಗುತ್ತವೆ ಎನ್ನುತ್ತಾರೆ. ಯಾವ ಅಪರಾಧಕ್ಕೆ ಬಂಧನ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಕಾಫ್ಕಾ ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ ಅಧಿಕಾರಿ, ಬ್ರಾಡ್ ಅಂಚೆ ಇಲಾಖೆಯ ನೌಕರ. ಫೈಲು, ಶಾಖೆ, ಮೇಲಧಿಕಾರಿ ಎಲ್ಲವನ್ನೂ ದಿನವೂ ಕಂಡವರು. ಬಡ್ತಿ ಸಿಕ್ಕಿದ್ದಕ್ಕೆ ಧನ್ಯವಾದ ಹೇಳಲು ಹೋದಾಗ ಸಂಸ್ಥೆಯ ಅಧ್ಯಕ್ಷರ ಎದುರಿಗೇ ನಗು ತಡೆಯಲಾರದೆ ಪಟ್ಟ ಪಾಡನ್ನು ಕಾಫ್ಕಾ 1913ರಲ್ಲಿ ಪ್ರೇಯಸಿ ಫೆಲಿಸೆಗೆ ಬರೆದ ಕಾಗದದಲ್ಲಿ ಉದ್ದಕ್ಕೆ ಹೇಳಿಕೊಂಡಿದ್ದಾರೆ.

ಅದೇ ಕಾಫ್ಕಾ 1916ರ ನವೆಂಬರ್ 10ರಂದು ಮ್ಯೂನಿಕ್‌ನ ಗೋಲ್ಟ್ಸ್ ಗ್ಯಾಲರಿಯಲ್ಲಿ ಅಪರಿಚಿತರೆದುರು ‘ಇನ್ ದ ಪೀನಲ್ ಕಾಲನಿ’ ಓದಿದಾಗ ನಡೆದದ್ದೇ ಬೇರೆ. ಅಪರಾಧಿಯ ಮೈಮೇಲೆ ಸೂಜಿಗಳಿಂದ ಶಿಕ್ಷೆಯ ವಾಕ್ಯ ಕೊರೆದು ಕೊಲ್ಲುವ ಯಂತ್ರದ ಕಥೆ ಅದು. ಕೇಳುತ್ತಿದ್ದವರಲ್ಲಿ ಮೂವರು ಪ್ರಜ್ಞೆ ತಪ್ಪಿದರೆಂದು ಮ್ಯಾಕ್ಸ್ ಪುಲ್ವರ್ ಎಂಬ ಲೇಖಕ ಎಷ್ಟೋ ವರ್ಷಗಳ ಮೇಲೆ ಬರೆದರು. ಆ ದಿನಗಳ ಪತ್ರಿಕೆಗಳಲ್ಲಿ ಅಂಥದ್ದೇನೂ ಇಲ್ಲ, ಇರುವುದು ಉತ್ಸಾಹವಿಲ್ಲದ ವರದಿಗಳು. ಭೀಕರತೆಯನ್ನು ಚಪ್ಪರಿಸುವವನು ಎಂಬಂಥ ಮಾತೂ ಬಂತು. ಯುದ್ಧದ ನಡುವಿನ ಮ್ಯೂನಿಕ್ ಅದು, ಮನೆ ಮನೆಯಿಂದ ಗಂಡಸರು ರಣರಂಗಕ್ಕೆ ಹೋಗಿದ್ದ ಕಾಲ. ಆ ಸಭೆಯ ಮೇಲೆ ನನಗೆ ದೂರಿಲ್ಲ. ಆದರೆ ಅದೇ ಕಥೆಯಲ್ಲಿ ಯಂತ್ರದ ಉಸ್ತುವಾರಿ ಅಧಿಕಾರಿಯ ಗೊಣಗಾಟವೊಂದಿದೆ. ಬಿಡಿಭಾಗಕ್ಕೆ ಈಗ ದುಡ್ಡೇ ಮಂಜೂರಾಗುವುದಿಲ್ಲ, ಹೊಸ ಚರ್ಮದ ಪಟ್ಟಿ ಬೇಕೆಂದರೆ ಹರಿದ ಹಳೆಯ ಪಟ್ಟಿಯನ್ನು ಸಾಕ್ಷಿಗೆ ಕಳಿಸಬೇಕು, ಹೊಸದು ಬರಲು ಹತ್ತು ದಿನ, ಬಂದದ್ದೂ ಕಳಪೆ. ಮನುಷ್ಯರನ್ನು ಕೊಲ್ಲುವ ಯಂತ್ರದ ಬಗ್ಗೆ ಅವನ ಸಂಕಟ ಇದು. ನಮ್ಮ ಯಾವುದೇ ಜಿಲ್ಲಾ ಕಚೇರಿಯ ಗುಮಾಸ್ತರ ಮುಂದೆ ಈ ಭಾಗ ಓದಿ, ಅವರು ನಗುತ್ತಾರೆ. ನಕ್ಕ ಮೇಲೆ ಮೈ ನಡುಗುತ್ತದೆ, ಏಕೆಂದರೆ ಆ ಅಧಿಕಾರಿ ಅವರಿಗೆ ಗೊತ್ತಿರುವ ಮನುಷ್ಯ.

ರಷ್ಯಾದ ಕಾದಂಬರಿಕಾರ ಗೊಗೊಲ್ ಓದಿದಾಗ ಕವಿ ಪುಷ್ಕಿನ್‌ಗೂ ಹೀಗೆಯೇ ಆಯಿತು. ‘ಡೆಡ್ ಸೋಲ್ಸ್’ನ ಮೊದಲ ಅಧ್ಯಾಯಗಳನ್ನು ಗೊಗೊಲ್ ಓದುತ್ತಿದ್ದರೆ, ಅವರ ಓದಿಗೆ ಯಾವಾಗಲೂ ನಗುತ್ತಿದ್ದ ಪುಷ್ಕಿನ್ ಬರಬರುತ್ತಾ ಮಂಕಾಗಿ, ಕೊನೆಗೆ ನಮ್ಮ ರಷ್ಯಾ ಎಷ್ಟು ದುಃಖದ ನಾಡು ಎಂದು ಕೊರಗಿದರಂತೆ. ಇದನ್ನು ಬರೆದಿಟ್ಟವರು ಗೊಗೊಲ್ ಅವರೇ.

ಹಾಗೆಂದು ಕತ್ತಲಿನ ಬಗ್ಗೆ ಬರೆದ ಹಾಸ್ಯವೆಲ್ಲ ಒಂದೇ ಅಲ್ಲ. ಓಕಾನರ್ ಅವರ ಅದೇ ಕಥೆಯಲ್ಲಿ, ಕಾರಿನ ಕಿಟಕಿಯಿಂದ ಕಾಣುವ ಬಡ ಕಪ್ಪು ಮಗುವೊಂದನ್ನು ಅಜ್ಜಿ ಚೆಂದದ ಚಿತ್ರವೆಂಬಂತೆ ತೋರಿಸುವ ಭಾಗವಿದೆ. ಚಡ್ಡಿಯೂ ಇಲ್ಲದ ಮಗು, ಅವಳ ಬಾಯಲ್ಲಿ ಅದಕ್ಕೆ ಹೀನಾಯದ ಮಾತು. ಸಭೆಯಲ್ಲಿ ಓದಬೇಕಾಗಿ ಬಂದಾಗ ಆ ಭಾಗವನ್ನು ಬಿಟ್ಟುಬಿಡುವುದಾಗಿ ಓಕಾನರ್ ಒಂದು ಕಾಗದದಲ್ಲಿ ಹೇಳಿದ್ದಾರೆ. ಬರೆಯಲು ಕಷ್ಟವಾಗದ್ದು ಗಟ್ಟಿಯಾಗಿ ಓದುವಾಗ ಬಾಯಿಗೆ ಬರುವುದಿಲ್ಲ ಎಂಬರ್ಥದ ಮಾತು. ಆ ಭಾಗದ ಗುರಿ ಅಜ್ಜಿಯ ಕುರುಡು, ನಿಜ. ಆದರೂ ಆ ಸಭೆಗಳಲ್ಲಿ ನಗು ಅಜ್ಜಿಯ ಮೇಲೆ ಬೀಳುತ್ತಿತ್ತೋ ಮಗುವಿನ ಮೇಲೋ? ಕರಿಯರ ಬಗ್ಗೆ ಓಕಾನರ್ ತಮ್ಮ ಖಾಸಗಿ ಕಾಗದಗಳಲ್ಲಿ ಬರೆದ ಮಾತುಗಳು ಈಗ ಎಲ್ಲರಿಗೂ ತಿಳಿದಿವೆ, ಅವು ಓದಲು ಹಿಂಸೆಯಾಗುವಂಥವು. ಅಂಥವರಿಗೂ ಜನರೆದುರು ನಿಂತು ದನಿ ತೆಗೆಯುವಾಗ ಅಲ್ಲಿ ತಡೆಯಿತು. ಕಣ್ಣಲ್ಲಿ ಓದುವಾಗ ಜಾರಿಹೋಗುವುದು ಸಭೆಯಲ್ಲಿ ಜಾರಿಹೋಗುವುದಿಲ್ಲ. ಯಾರ ಬಗ್ಗೆ ನಗುತ್ತಿದ್ದೇವೋ ಅವರೇ ಕೊನೆಯ ಸಾಲಿನಲ್ಲಿ ಕೂತಿರಬಹುದು. ಅವರೂ ನಗಬಲ್ಲರೇ? ನನ್ನ ಪಾಲಿಗೆ ಉಳಿದೆಲ್ಲ ಪರೀಕ್ಷೆಗಳಿಗಿಂತ ಇದು ದೊಡ್ಡದು.

1963ರಲ್ಲಿ, ಸಾಯುವ ಹಿಂದಿನ ವರ್ಷ, ಹಾಲಿನ್ಸ್ ಕಾಲೇಜಿನಲ್ಲಿ ಈ ಕಥೆ ಓದುವ ಮುನ್ನ ಓಕಾನರ್ ಕೇಳುಗರಿಗೆ ನಾಲ್ಕು ಮಾತು ಹೇಳಿದರು. ಹೆಣಗಳ ಕಡೆ ನೋಡಬೇಡಿ, ಅಜ್ಜಿಯ ಆತ್ಮದಲ್ಲಿ ದೇವರ ಕೃಪೆ ನಡೆಸುವ ಕೆಲಸದ ಕಡೆ ನೋಡಿ ಎಂದರು. ಶ್ರದ್ಧೆಯ ಕ್ಯಾಥೊಲಿಕ್ ಆಗಿದ್ದ ಅವರಿಗೆ ಅದೇ ಕಥೆಯ ಜೀವಾಳ. ಅವರನ್ನು ಇಷ್ಟು ಗೌರವಿಸುವ ನಾನು ಈ ಒಂದು ವಿಷಯದಲ್ಲಿ ಒಪ್ಪಲಾರೆ. ಮೊದಲೇ ದಾರಿ ತೋರಿಸಿದರೆ ಸಭೆ ವಿದ್ಯಾರ್ಥಿಯಾಗುತ್ತದೆ, ಪೆನ್ನು ತೆಗೆಯುತ್ತದೆ. ಅಜ್ಜಿಯ ಟೋಪಿ ಕಂಡು ತನ್ನ ಅತ್ತೆಯನ್ನು ನೆನೆದು ನಗುವವಳು ಬಾಯಿ ಮುಚ್ಚಿಕೊಂಡು ಕೂರುತ್ತಾಳೆ.

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಮಂದಿಯೆಲ್ಲ ಸುತ್ತ ಕೂತು, ಕದ್ದು ತಂದ ಒಂದು ಮೂಟೆ ಕಡಲೆಕಾಯಿಯನ್ನು ಒಂದೇ ರಾತ್ರಿ ತಿಂದು ಮುಗಿಸುತ್ತಾರೆ. ಆಮೇಲೆ ಪೊಲೀಸರು ಮನೆ ಶೋಧಿಸಲು ಬರುತ್ತಾರೆ. ನಮ್ಮ ತರಗತಿಗಳಲ್ಲೂ ಹಾಗೆಯೇ ಮೊದಲೇ ದಾರಿ ತೋರಿಸಿ ಈ ಭಾಗವನ್ನು ಹಸಿವಿನ ದಾರುಣ ಚಿತ್ರವೆಂದು ಪಾಠ ಮಾಡುತ್ತಾರೆ, ಕೇಳುವವರ ಮುಖ ಬಿಗಿದಿರುತ್ತದೆ. ಆ ರಾತ್ರಿ ಆ ಮನೆಯಲ್ಲಿ ಎಂಥ ಸಂಭ್ರಮವಿದೆ, ಸಾಕ್ಷಿಯನ್ನೇ ನುಂಗಿ ನೀರು ಕುಡಿಯುವುದರಲ್ಲಿ ಎಂಥ ಹಾಸ್ಯವಿದೆ ಎನ್ನುವುದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಂಜನಗೂಡಿನ ಕಡೆಯ ಯಾವುದಾದರೂ ಊರಿನಲ್ಲಿ, ಕೂಲಿ ಮುಗಿಸಿ ಬಂದವರ ನಡುವೆ, ಒಬ್ಬರು ಆ ಭಾಗವನ್ನು ಪೀಠಿಕೆಯಿಲ್ಲದೆ ಗಟ್ಟಿಯಾಗಿ ಓದಬೇಕು. ಯಾರಾದರೂ ಅಂಥದ್ದನ್ನು ಏರ್ಪಡಿಸುವುದಾದರೆ ತಿಳಿಸಿ, ಬಸ್ಸು ಹತ್ತಿ ಬರುತ್ತೇನೆ.